ಐದು ವರ್ಷ ಕೈಬಿಡದ ನಿಮಗೆಲ್ಲ ಸೊಲ್ಮೆಲು (ವಂದನೆಗಳು)

ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ನಮ್ಮ ಕೆಲಸ ವಿದೇಶಿ ದೇಣಿಗೆಯಿಲ್ಲದೆ ಐದು ವರ್ಷ ದಾಟಿತು. ಈ ಐದು ವರ್ಷದಲ್ಲಿ ಒಬ್ಬ ರೋಗಿಯನ್ನೂ ಅರ್ಧಕ್ಕೆ ಬಿಟ್ಟಿಲ್ಲ. ಅದು ನಿಮ್ಮಿಂದ ಆಗಿದ್ದು. ಅದಕ್ಕೇ ಈ ಬರಹ.

ಹೊಸಬರಿಗೆ ಸ್ವಲ್ಪ ಹಿಂದಿನದ್ದು ಹೇಳಬೇಕು. ನಮಗೆ ವಿದೇಶದ ಹಣ ನೇರವಾಗಿ ಬರುತ್ತಿರಲಿಲ್ಲ. ಬೆಂಗಳೂರಿನ ಒಂದು ದೊಡ್ಡ ಸಂಸ್ಥೆ ಅದನ್ನು ಪಡೆದು ನಮ್ಮಂಥ ಸಣ್ಣವರಿಗೆ ಹಂಚುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ ತಿದ್ದುಪಡಿ ಬಂತು. ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ ಎಂದಾಯಿತು. ಆಡಳಿತದ ಖರ್ಚಿನ ಮಿತಿಯೂ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಅವರ ಕೈಯೇ ಕಟ್ಟಿಹೋದ ಮೇಲೆ ನಮಗೆಲ್ಲಿಂದ ಕೊಡುತ್ತಾರೆ? ಮೇಲೆ ಕೊರೋನಾ ಬೇರೆ. ನಮ್ಮ ನರ್ಸ್ ಅಕ್ಕನಿಗೆ ಎರಡು ತಿಂಗಳ ಸಂಬಳ ಬಾಕಿ ಆಯಿತು. ಡೀಸೆಲ್‌ಗೆ ದುಡ್ಡಿಲ್ಲದ ದಿನ ಅವರು ಗದ್ದೆಯ ಬದುವಿನ ಮೇಲೆ ನಡೆದೇ ಹೋಗಿ, ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿ ಬಂದರು. ಮೊದಲ ನಮಸ್ಕಾರ ಅವರಿಗೆ.

ಸಿಎಸ್‌ಆರ್ ದುಡ್ಡು ಕೇಳಿ ಎಂದು ಸುಮಾರು ಜನ ಹೇಳಿದರು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಇಂಥ ಕೆಲಸಕ್ಕೆ ಕೊಡಬೇಕಲ್ವಾ? ಕೇಳಿದೆವು. ಒಂದು ಕಂಪನಿ ಏರ್ ಬೆಡ್‌ಗಳನ್ನು ಕೊಟ್ಟಿತು. ಅವರಿಗೂ ವಂದನೆ. ಆದರೆ ಬೆಡ್ ಮೇಲೆ ಮಲಗಿದವರ ಮಗ್ಗುಲು ಬದಲಿಸಲು ಒಬ್ಬರು ಬೇಕು. ಆ ಒಬ್ಬರ ಸಂಬಳ, ಗಾಡಿಯ ಡೀಸೆಲ್, ಆಫೀಸಿನ ಬಾಡಿಗೆ, ಇದಕ್ಕೆ ಕೊಡುವವರು ಸಿಗುವುದೇ ಕಷ್ಟ. ನೀವು ಕೊಟ್ಟಿದ್ದು ಇದಕ್ಕೇ.

ಉಡುಪಿ ಹತ್ತಿರದ ಶಂಕರಪುರದ ಒಬ್ಬ ಅಕ್ಕನ ತಾಯಿಯನ್ನು ನಾವು ಕೊನೆಯವರೆಗೆ ನೋಡಿಕೊಂಡಿದ್ದೆವು. ಹದಿಮೂರನೇ ದಿನ ಕಳೆದ ಮೇಲೆ ನಾನು ಹೋದಾಗ ಅವರು ಜಗಲಿಯಲ್ಲಿ ಕೂತು ಬಾಳೆ ನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ತಲೆ ಎತ್ತದೆ, "ಇನ್ನು ತಿಂಗಳಿಗೆ ಒಂದು ಚೆಂಡು ನಿಮ್ಮ ಲೆಕ್ಕಕ್ಕೆ" ಅಂದರು. ಒಂದು ಚೆಂಡು ಅಂದರೆ 800 ಹೂ. ಒಂದೊಂದೇ ಮೊಗ್ಗು ಕೊಯ್ದು, ಎಣಿಸಿ, ಕಟ್ಟಬೇಕು. ಅವತ್ತಿನ ದರ ಎಷ್ಟೋ ಅಷ್ಟು ನಮಗೆ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮುಂಜಿ ಇಲ್ಲದೆ ದರ ಬಿದ್ದಾಗ, "ಇಷ್ಟೇ ಕೊಡುವುದು ಹೇಗೆ" ಎಂದು ಎರಡು ಚೆಂಡಿನ ದುಡ್ಡು ಕೈಗಿಟ್ಟರು. ಅವರನ್ನು ನೋಡಿ ಅಕ್ಕಪಕ್ಕದ ಮನೆಯವರೂ ಸೇರಿದರು. ಈಗ ನರ್ಸ್ ಅಕ್ಕನ ಸಂಬಳದ ದೊಡ್ಡ ಪಾಲು ಈ ಹೂವಿನದ್ದೇ.

ಗಲ್ಫ್‌ನಲ್ಲಿರುವ ನಮ್ಮ ಊರಿನ ಹುಡುಗರಿಗೂ ಸೊಲ್ಮೆಲು. "ನಾವು ಕಳಿಸಿದರೆ ಅದೂ ವಿದೇಶದ ದುಡ್ಡಾಗ್ತದಾ?" ಎಂದು ನೀವು ಕೇಳಿದ್ದಿರಿ. ನಮಗೂ ಹೆದರಿಕೆ ಇತ್ತು. ಭಾರತದ ಪೌರರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ವಿದೇಶಿ ದೇಣಿಗೆ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಸಮಾಧಾನ ಆಯಿತು. ಬೇರೆ ದೇಶದ ಪೌರತ್ವ ಪಡೆದ ಒಬ್ಬರಿಗೆ ಮಾತ್ರ ಬೇಡ ಎನ್ನಬೇಕಾಯಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ರಜೆಯಲ್ಲಿ ಬಂದಾಗ ಒಂದು ವಾರ ನಮ್ಮ ಜೊತೆ ಮನೆ ಮನೆಗೆ ಬಂದು, ಅಜ್ಜಂದಿರ ಪಕ್ಕ ಕೂತು ಮಾತಾಡಿದರು.

2025ರ ಜುಲೈನಲ್ಲಿ ಅಮೆರಿಕ ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆಯನ್ನು ಮುಚ್ಚಿದ ಮೇಲೆ ಬೇರೆ ಊರಿನ ಗೆಳೆಯರ ಫೋನ್ ಜಾಸ್ತಿ ಆಗಿದೆ. "ನೀವು ಹೇಗೆ ನಡೆಸ್ತೀರಿ?" ಎನ್ನುತ್ತಾರೆ. ನಾನು ಮಲ್ಲಿಗೆಯ ವಿಷಯ ಹೇಳುತ್ತೇನೆ. ಜೊತೆಗೆ, ಕಾಪುವಿನ ಆಚೆಯಿಂದ ಬರುವ ಕರೆಗಳಿಗೆ ಇನ್ನೂ ಹೋಗಲು ಆಗುತ್ತಿಲ್ಲ ಎನ್ನುವುದನ್ನೂ ಹೇಳುತ್ತೇನೆ. ಇನ್ನೊಬ್ಬ ನರ್ಸ್ ಬೇಕು.

ಈ ವರ್ಷದ ಲೆಕ್ಕವನ್ನು ಆಫೀಸಿನ ಬಾಗಿಲಿಗೆ ಅಂಟಿಸಿದ್ದೇವೆ. ಡೀಸೆಲ್‌ಗೆ ಎಷ್ಟು, ಸಂಬಳಕ್ಕೆ ಎಷ್ಟು, ಹೂವಿನಿಂದ ಎಷ್ಟು, ಎಲ್ಲ ಇದೆ. ಬಂದು ನೋಡಿ. ಅರ್ಥ ಆಗದ್ದನ್ನು ಕೇಳಿ.