ಬಿಲ್ಲಿನ ಬಾಕಿಗಾಗಿ ಸ್ಕ್ಯಾನ್ ಫಿಲ್ಮು ತಡೆಹಿಡಿದ ಬಗ್ಗೆ ದೂರು

ಇವರಿಗೆ,
ಆಡಳಿತ ಮಂಡಳಿಯ ಅಧ್ಯಕ್ಷರು ಹಾಗೂ ವೈದ್ಯಕೀಯ ಅಧೀಕ್ಷಕರು

ವಿಷಯ: ಪಾರ್ಶ್ವವಾಯು ಬಡಿದ ನನ್ನ ತಾಯಿಯನ್ನು ಮಣಿಪಾಲಕ್ಕೆ ಒಯ್ಯುವಾಗ ಸ್ಕ್ಯಾನ್ ಫಿಲ್ಮು, ರೆಫರಲ್ ಚೀಟಿ ಕೊಡದೆ ತಡೆದದ್ದು

ಮಾನ್ಯರೇ,

ನಿನ್ನೆ ಮಧ್ಯಾಹ್ನ ನಿಮ್ಮ ಆಸ್ಪತ್ರೆಯಿಂದ ಫೋನ್ ಬಂದಾಗ, ಕೊನೆಗೂ ನನ್ನ ದೂರಿಗೆ ಉತ್ತರ ಸಿಗುತ್ತದೆ ಎಂದು ಅರ್ಧ ಊಟಕ್ಕೆ ಎದ್ದು ಮಾತಾಡಿದೆ. ಕರೆ ಮಾಡಿದವರು ಕೇಳಿದ್ದು ಫೈಲಿನ ಖರ್ಚೆಂದು ಉಳಿದ 180 ರೂಪಾಯಿ ಬಾಕಿಯನ್ನು. ಇಷ್ಟು ದಿನ ನಾನು ಫೋನ್ ಮಾಡಿದಾಗಲೆಲ್ಲ ‘ಸರ್ ರೌಂಡ್ಸ್‌ನಲ್ಲಿದ್ದಾರೆ’, ‘ಸರ್ ಮೀಟಿಂಗ್‌ನಲ್ಲಿದ್ದಾರೆ’ ಎಂದವರು ತಾವಾಗಿಯೇ ನನಗೆ ಮಾಡಿದ ಕರೆ ಇದೊಂದೇ. ಹಾಗಾಗಿ ಈಗ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಯಿಯ (ನನ್ನ ತಾಯಿಯ) ಬಾಯಿ ಒಂದು ಬದಿಗೆ ವಾಲಿತು, ಬಲಗೈ ಎತ್ತಲು ಆಗಲಿಲ್ಲ. ತಡ ಮಾಡದೆ ನಿಮ್ಮಲ್ಲಿಗೆ ತಂದೆವು. ಡ್ಯೂಟಿಯಲ್ಲಿದ್ದ ಯುವ ವೈದ್ಯೆ ಕೂಡಲೇ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದರು. ಅವರ ಮೇಲೆ ನನ್ನ ದೂರಿಲ್ಲ. ರಕ್ತಸ್ರಾವ ಆಗಿಲ್ಲ, ರಕ್ತನಾಳ ಕಟ್ಟಿದೆ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದು ಇಲ್ಲಿಲ್ಲ, ಈಗಲೇ ಮಣಿಪಾಲಕ್ಕೆ ಹೊರಡಿ ಎಂದು ನನ್ನ ಹೆಂಡತಿಯ ಕೈ ಹಿಡಿದು ತಿಳಿಸಿ ಹೇಳಿದರು. ಫಿಲ್ಮು, ಚೀಟಿ ಎರಡೂ ಕೌಂಟರಿನಲ್ಲಿ ಸಿಗುತ್ತವೆ ಎಂದರು.

ಕೌಂಟರಿನಲ್ಲಿ ನಡೆದದ್ದನ್ನು ಒಂದೂ ಬಿಡದೆ ಬರೆಯುತ್ತೇನೆ.

ಗಾಜಿನ ಹಿಂದಿದ್ದ ನಿಮ್ಮ ಸಿಬ್ಬಂದಿ ತಲೆ ಎತ್ತಲಿಲ್ಲ. “ಫುಲ್ ಸೆಟ್ಲ್ ಮಾಡಿ, ಆಮೇಲೆ ಫಿಲ್ಮು” ಎಂದರು. ಮಾಡುತ್ತೇನೆ ಎಂದು ಮೊಬೈಲ್ ತೆಗೆದೆ. “ಸ್ಕ್ಯಾನರ್ ಬಂದ್ ಉಂಟು, ಕ್ಯಾಶ್ ಕೊಡಿ.” ಕೈಯಲ್ಲಿ ಅಷ್ಟು ನಗದು ಇಲ್ಲ, ಖಾತೆ ನಂಬರ್ ಕೊಡಿ, ಈಗಲೇ ಹಾಕುತ್ತೇನೆ ಎಂದೆ. “ಅದಕ್ಕೆ ಅಕೌಂಟೆಂಟ್ ಬರಬೇಕು, ಬೆಳಿಗ್ಗೆ ಬರ್ತಾರೆ.” ಹೊರಗಿನ ಎಟಿಎಮ್ಮಿಗೆ ಮಳೆಯಲ್ಲಿ ಓಡಿದೆ, ದುಡ್ಡಿರಲಿಲ್ಲ. ತಿರುಗಿ ಬಂದು, ನನ್ನ ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಬೈಕಿನ ಆರ್‌ಸಿ ಇಟ್ಟುಕೊಳ್ಳಿ, ಆಯಿಗೆ ಹೊತ್ತು ಮೀರುತ್ತಿದೆ ಎಂದು ಕೈಮುಗಿದೆ. ಆಗ ಅವರು ಹಿಂದೆ ನಿಂತಿದ್ದವರಿಗೆಲ್ಲ ಕೇಳುವಂತೆ, “ಎಲ್ಲರೂ ಹೀಗೇ ಹೇಳೂದು. ಫಿಲ್ಮು ಹಿಡ್ಕೊಂಡು ಮಣಿಪಾಲಕ್ಕೆ ಹೋದವರು ಮತ್ತೆ ಈ ಬದಿಗೆ ಬರ್ತಾರಾ?” ಎಂದರು. ಸಾಲಿನಲ್ಲಿ ನಮ್ಮೂರಿನವರಿದ್ದರು. ನನ್ನ ಮಕ್ಕಳಿಗೆ ಪಾಠ ಹೇಳಿದ ಮಾಸ್ತರರಿದ್ದರು. ಅವರು ಮುಖ ಆಚೆ ತಿರುಗಿಸಿಕೊಂಡದ್ದು ನನ್ನ ಮೇಲಿನ ಮರ್ಯಾದೆಯಿಂದ. ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು. ವೈದ್ಯೆಯನ್ನು ಕರೆದು ತಂದರೆ ಅವರಿಗೂ ಅದೇ ಉತ್ತರ: “ಡಾಕ್ಟ್ರೇ, ಬಿಲ್ಲಿಂಗ್ ನಮ್ಮ ವಿಷಯ.” ಅವರು ಸುಮ್ಮನೆ ನಿಂತರು.

ಕೊನೆಗೆ ಹಣ ಕೊಟ್ಟದ್ದು ಆಂಬುಲೆನ್ಸ್ ಚಾಲಕ. “ಅಣ್ಣಾ, ನನ್ನ ಹತ್ರ ಕ್ಯಾಶ್ ಉಂಟು, ನಾ ಕೊಡ್ತೆ, ನೀವು ಫೋನಿಗೆ ಹಾಕಿ” ಎಂದು ತಾನೇ ಎಣಿಸಿ ಕಿಂಡಿಯೊಳಗೆ ಇಟ್ಟ. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಆಯಿ ಅಷ್ಟೂ ಹೊತ್ತು ಪೋರ್ಟಿಕೋದಲ್ಲಿ ಸ್ಟ್ರೆಚರಿನ ಮೇಲಿದ್ದಳು. ಇರಚಲು ಹೊಡೆಯುತ್ತಿತ್ತು, ಹೆಂಡತಿ ಸೆರಗು ಅಡ್ಡ ಹಿಡಿದು ನಿಂತಿದ್ದಳು. ಸ್ಟ್ರೆಚರನ್ನು ಒಳಗೆ ತಳ್ಳಲು ಸಹ ನಿಮ್ಮವರು ಯಾರೂ ಬರಲಿಲ್ಲ.

ಹೊನ್ನಾವರ, ಭಟ್ಕಳ, ಕುಂದಾಪುರ ದಾಟಿ ಹೋಗುವ ಆ ದಾರಿ ನೂರು ಕಿಲೋಮೀಟರಿಗೂ ಹೆಚ್ಚು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಮಳೆಯಲ್ಲಿ ಶಿರೂರು ಟೋಲ್‌ಗೇಟಿನಲ್ಲಿ ಜಾರಿ ನಾಲ್ವರು ಸತ್ತರು. ಈ ಕರಾವಳಿಯಲ್ಲಿ ಅದನ್ನು ಮರೆತವರಿಲ್ಲ. ಕೌಂಟರಿನಲ್ಲಿ ಕಳೆದುಹೋದ ಹೊತ್ತನ್ನು ಹೆದ್ದಾರಿಯಲ್ಲಿ ಹಿಡಿಯಲು ಚಾಲಕ ಹೊರಟರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕೆ?

ಮಣಿಪಾಲ ಮುಟ್ಟುವಾಗ ಇಂಜೆಕ್ಷನ್ನಿನ ಹೊತ್ತು ಮೀರಿತ್ತು. ಆಯಿ ಬದುಕಿದ್ದಾಳೆ, ಬಲಗೈ ಏಳುವುದಿಲ್ಲ, ಮಾತು ತೊದಲುತ್ತದೆ. ಸರಿಯಾದ ಹೊತ್ತಿಗೆ ಮುಟ್ಟಿದ್ದರೆ ಕೈ ಉಳಿಯುತ್ತಿತ್ತೆಂದು ಯಾವ ವೈದ್ಯರೂ ನನಗೆ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಮುಕ್ಕಾಲು ಗಂಟೆ ನಮ್ಮ ಕೈಯಲ್ಲಿತ್ತು. ನೀವು ಅದನ್ನು ಕಿತ್ತುಕೊಂಡಿರಿ.

ಇದು ಒಬ್ಬ ಸಿಬ್ಬಂದಿಯ ಒರಟುತನ ಎಂದು ಮುಗಿಸಬೇಡಿ. ನನ್ನ ಅಪ್ಪ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡಾಗ ರಾತ್ರಿಪಾಳಿಯ ಸಿಸ್ಟರ್ ನಮಗೆ ಚಾ ತರಿಸಿ ಕೊಟ್ಟಿದ್ದರು, ಬಿಲ್ಲಿನ ಮಾತು ಮೂರನೆಯ ದಿನ ಬಂದಿತ್ತು. ಈಗ ಐಸಿಯು ಹೊರಗಿನ ಬೆಂಚು ಸಹ ಇಲ್ಲ. ರೋಗಿ ಹೇಗಿದ್ದಾರೆಂದು ಕೇಳಿದರೆ ಸೆಕ್ಯುರಿಟಿಯವರು ಗೇಟು ತೋರಿಸುತ್ತಾರೆ. ಊರವರು ಅಡಿಕೆ ಮಾರಿದ ದುಡ್ಡು, ಮೀನು ಮಾರಿದ ದುಡ್ಡು ಕೂಡಿಸಿ ಕಟ್ಟಿದ ಆಸ್ಪತ್ರೆ ಇದು. ದಾನಿಗಳ ಕಲ್ಲಿನಲ್ಲಿ ನನ್ನ ಅಜ್ಜನ ಹೆಸರೂ ಇದೆ.

ನಿಯಮ ನಿಮಗೆ ಗೊತ್ತಿದೆ. 2002ರ ವೈದ್ಯಕೀಯ ಪರಿಷತ್ತಿನ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ನಾನು ಲಿಖಿತವಾಗಿ ಕೇಳಿದ ಕೇಸ್ ಶೀಟ್ ಇವತ್ತಿಗೂ ಬಂದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಹಣದ ತಕರಾರಿಗಾಗಿ ರೋಗಿಯನ್ನು ತಡೆಯಬಾರದು ಎನ್ನುತ್ತದೆ. ಕಾಗದ ಕೊಡದೆ ಹೊರಗೆ ನಿಲ್ಲಿಸುವುದು ತಡೆಯುವುದಲ್ಲವೇ?

ನನಗೆ ಬೇಕಾದದ್ದು: ಆಯಿಯ ಪೂರ್ತಿ ದಾಖಲೆ, ಆ ರಾತ್ರಿಯ ಕೌಂಟರಿನ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾಯ್ದಿಡುವುದು, ಬೇರೆ ಆಸ್ಪತ್ರೆಗೆ ಕಳಿಸುವ ತುರ್ತು ರೋಗಿಯ ಕಾಗದಕ್ಕೂ ಬಿಲ್ಲಿಗೂ ಸಂಬಂಧವಿಲ್ಲ ಎಂದು ವೈದ್ಯ ಅಧೀಕ್ಷಕರ ಸಹಿಯ ಆದೇಶವನ್ನು ಅದೇ ಗಾಜಿನ ಮೇಲೆ ಅಂಟಿಸುವುದು, ಮತ್ತು ನನ್ನ ಹೆಂಡತಿಯ ಎದುರು ಬಂದು ಕ್ಷಮೆ ಕೇಳುವುದು. ಪರಿಹಾರದ ದುಡ್ಡಿನ ಮಾತು ಈಗ ಎತ್ತುವುದಿಲ್ಲ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೂ, ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಚಾಲಕ ಸಾಕ್ಷಿ ಹೇಳಲು ಒಪ್ಪಿದ್ದಾನೆ, ಮಾಸ್ತರರೂ ಒಪ್ಪಿದ್ದಾರೆ. ಮುಂದಿನ ವಾರ್ಷಿಕ ಸಭೆಗೆ ದಾನಿಗಳ ಮನೆಯವರನ್ನೆಲ್ಲ ಕರೆದುಕೊಂಡು ಬಂದು ಈ ಪತ್ರವನ್ನು ಗಟ್ಟಿಯಾಗಿ ಓದುತ್ತೇನೆ. 180 ರೂಪಾಯಿಯನ್ನು ಚೆಕ್‌ನಲ್ಲಿ ಇದರೊಂದಿಗೆ ಲಗತ್ತಿಸಿದ್ದೇನೆ. ರಶೀದಿ ಕಳಿಸಿ, ಆಯೋಗದ ಮುಂದೆ ಅದೂ ಬೇಕಾಗುತ್ತದೆ.

ಇಂತಿ,
ರೋಗಿಯ ಮಗ