ನವರಂಗ ದರವಾಜದ ನೆರಳು: ಗೆಳೆಯನಿಗೊಂದು ಪತ್ರ

ದೋಸ್ತ,

ಮೊನ್ನೆ ಫೋನಿನಲ್ಲಿ "ನವರಂಗ ದರವಾಜ ಇನ್ನೂ ಇದೆಯೇನೋ?" ಅಂತ ಕೇಳಿದೆ. ನಗು ಬಂತು. ರಾಯಚೂರು ಬಿಟ್ಟು ಹೋದವರೆಲ್ಲ ಹೀಗೇ ಕೇಳುತ್ತಾರೆ. ತಾವು ಹೋದ ಮೇಲೆ ಊರಿಗೆ ಊರೇ ಬಿದ್ದುಹೋಯಿತು ಅನ್ನುವ ಹಾಗೆ. ಇದೆ ಮಾರಾಯ, ನಮ್ಮ ರಾಯಚೂರು ಕೋಟೆಯ ಆ ಹಳೇ ಬಾಗಿಲು ಹಾಗೇ ಇದೆ, ನಿನ್ನೆ ಹೋಗಿ ನೋಡಿಕೊಂಡೇ ಬಂದೆ.

ನಾವು ಅಲ್ಲಿಗೆ ಹೋಗುತ್ತಿದ್ದುದು ಇತಿಹಾಸಕ್ಕಲ್ಲ, ನೆರಳಿಗೆ. ಏಪ್ರಿಲ್ ಬಿಸಿಲಲ್ಲಿ ಕ್ರಿಕೆಟ್ ಆಡಿ, ಆ ದಪ್ಪ ಕಲ್ಲಿಗೆ ಬೆನ್ನು ಕೊಟ್ಟು ಕೂತರೆ ಜೀವ ತಣ್ಣಗಾಗುತ್ತಿತ್ತು. ತಲೆ ಮೇಲೆ ಸಾಲು ಶಿಲ್ಪಗಳು. ಒಂದು ದಿನವಾದರೂ ಸರಿಯಾಗಿ ನೋಡಿದ್ದೆವಾ? ನಿನ್ನೆ ನೋಡಿದೆ. ಒಂದು ಕಾಲಕ್ಕೆ ಅದಕ್ಕೆಲ್ಲ ಬಣ್ಣ ಬಳಿದಿದ್ದರಂತೆ, ಅದಕ್ಕೇ ನವರಂಗ ಅನ್ನುವ ಹೆಸರು. ಈಗ ಒಂದು ರಂಗೂ ಇಲ್ಲ. ಒಳಗೆ ಮ್ಯೂಸಿಯಂ. ಬೇರೆ ಊರುಗಳಿಂದ ತಂದ ಮೂರ್ತಿ, ಶಾಸನಗಳು ಸಾಲಾಗಿ ನಿಂತಿವೆ. ಶತ್ರುವನ್ನು ಹೊರಗೆ ತಡೆಯಲು ಕಟ್ಟಿದ ಬಾಗಿಲು ಈಗ ಮನೆ ಕಳೆದುಕೊಂಡ ದೇವರುಗಳಿಗೆ ಛತ್ರ.

ಎಷ್ಟು ಧಣಿಗಳನ್ನು ಕಂಡಿದೆ ನೋಡು ಈ ಕೋಟೆ. ಕಾಕತೀಯರು, ಬಹಮನಿಗಳು, ಬಿಜಾಪುರದವರು, ವಿಜಯನಗರದವರು, ಮತ್ತೆ ಬಿಜಾಪುರದವರು, ಮೊಗಲರು, ನಿಜಾಮರು. ನಡುವೆ 1853ರಿಂದ 1860ರವರೆಗೆ ಬ್ರಿಟಿಷರು. ಮತ್ತೆ ನಿಜಾಮರು. 1956ರಲ್ಲಿ ಮೈಸೂರು ರಾಜ್ಯ. ಕೃಷ್ಣಾ ತುಂಗಭದ್ರೆಗಳ ನಡುವಿನ ಫಲವತ್ತಾದ ನೆಲ ಯಾರಿಗೆ ಬೇಡ? ಜಗಳ ಹೊಲಕ್ಕೆ, ಏಟು ಗೋಡೆಗೆ.

ಅದರಲ್ಲಿ 1520ರ ಕಥೆ ಮಾತ್ರ ನಿನಗೆ ಹೇಳಲೇಬೇಕು. ನೂನಿಜ್ ಅಂತ ಒಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತ್ತು. ಮೇಲಿಂದ ಗುಂಡು, ಬಾಣ. ಗೋಡೆ ಹತ್ತಿರ ಹೋಗಲು ಜನಕ್ಕೆ ಭಯ. ಆಗ ದಳಪತಿಗಳು ಒಂದು ಉಪಾಯ ಮಾಡಿದರು. ಗೋಡೆಯಿಂದ ಕಲ್ಲು ಕಿತ್ತು ತಂದವನಿಗೆ ಕೈ ಮೇಲೆ ದುಡ್ಡು. ದೊಡ್ಡ ಕಲ್ಲಿಗೆ ಜಾಸ್ತಿ, ಸಣ್ಣದಕ್ಕೆ ಕಡಿಮೆ! ಜನ ಹಾರೆ ಹಿಡಿದು ನುಗ್ಗಿದರು. ಕೊನೆಗೆ ಕೋಟೆ ಬಿದ್ದದ್ದು ಕೋವಿಯಿಂದ. ಕ್ರಿಸ್ತೊವಾವ್ ದ ಫಿಗರೆದೊ ಅನ್ನುವ ಪೋರ್ಚುಗೀಸ್ ಕೋವಿಗಾರರ ಸಣ್ಣ ಗುಂಪು ಕಟ್ಟಿಕೊಂಡು ಬಂದಿದ್ದ. ಗೋಡೆ ಮೇಲೆ ತಲೆ ಎತ್ತಿದವರಿಗೆಲ್ಲ ಗುರಿ ಇಟ್ಟರು. ಏನಾಗುತ್ತಿದೆ ಅಂತ ಇಣುಕಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿತ್ತು. ಒಳಗಿನವರು ಶರಣಾದರು. ಆದರೆ ನನಗೆ ಇಷ್ಟವಾದದ್ದು ಕೋವಿಯಲ್ಲ, ಆ ಕಲ್ಲಿನ ವ್ಯಾಪಾರ.

ಯಾಕೆ ಗೊತ್ತಾ? ನಮ್ಮಜ್ಜಿಯ ಹಿತ್ತಲಲ್ಲಿದ್ದ ಬಟ್ಟೆ ಒಗೆಯುವ ಕಲ್ಲು ನೆನಪಿದೆಯಾ? ಅಂಚು ನೇರ, ಮೂಲೆಯಲ್ಲಿ ಉಳಿಯ ಗೆರೆ. ಬಂಡೆ ಒಡೆಯುವವರು ತಂದು ಹಾಕಿದ ಕಲ್ಲಲ್ಲ ಅದು. ಒಳಕೋಟೆಯ ಗೋಡೆ ಗಾರೆಯೇ ಇಲ್ಲದೆ, ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದಲ್ವಾ? ಗಾರೆ ಇಲ್ಲದ ಗೋಡೆಯಿಂದ ಕಲ್ಲು ಎತ್ತುವುದು ಅಂಥ ಕಷ್ಟವೂ ಅಲ್ಲ. ಅಜ್ಜನನ್ನು ಕೇಳೋಣವೆಂದರೆ ಅಜ್ಜ ಇಲ್ಲ. ರಾಯನ ಸೈನಿಕರಿಗಾದರೂ ಕಲ್ಲಿಗಿಷ್ಟು ಅಂತ ಸಿಕ್ಕಿತು. ನಮ್ಮ ಕಾಲದಲ್ಲಿ ಎಲ್ಲ ಪುಕ್ಕಟೆ. ಅದಕ್ಕೇ ಕಂದಕದಲ್ಲಿ ಕಸ ಸುರಿಯುವವರನ್ನು ನಿನ್ನೆ ಕಂಡಾಗ ಬಯ್ಯಲು ಬಾಯಿ ಬರಲಿಲ್ಲ. ಗೋಡೆಗೆ ಆತು ಕಟ್ಟಿದ ಮನೆಗಳೂ ಹಾಗೇ ಇವೆ. ಕೆಲವು ಕಡೆ ಗೋಡೆ ಎಲ್ಲಿ ಮುಗಿಯಿತು, ಅಡುಗೆಮನೆ ಎಲ್ಲಿ ಶುರುವಾಯಿತು ಅಂತಲೇ ತಿಳಿಯುವುದಿಲ್ಲ.

ಪಶ್ಚಿಮದ ಗೋಡೆಯ ಉದ್ದ ಕಲ್ಲನ್ನು ಮಾತ್ರ ಯಾರೂ ಎತ್ತಿಕೊಂಡು ಹೋಗಿಲ್ಲ. ಹೇಗೆ ಎತ್ತುತ್ತಾರೆ? ಸುಮಾರು 41 ಅಡಿ ಉದ್ದ! 1294ರಲ್ಲಿ ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಎಂದು ತೆಲುಗಿನಲ್ಲಿ ಕೆತ್ತಿದ್ದಾರೆ. ಪಕ್ಕದಲ್ಲಿ ಆ ಕಲ್ಲನ್ನೇ ಬಂಡಿ ಮೇಲೆ ಎಳೆದು ತರುವ ಚಿತ್ರ. ಮುಂದೆ ಪ್ರಾಣಿಗಳ ಉದ್ದನೆ ಸಾಲು. ಹಿಂದೆ ಗಾಲಿಗೆ ಸನ್ನೆಗೋಲು ಹಾಕಿ ನೂಕುವ ಆಳುಗಳು. ರಾಜರ ಚಿತ್ರ ಬೇಕಾದಷ್ಟು ನೋಡಿದ್ದೇವೆ, ಹೀಗೆ ಕೂಲಿಯವರ ಬೆವರನ್ನು ಕೆತ್ತಿದ್ದು ನಾನಂತೂ ಬೇರೆಲ್ಲೂ ನೋಡಿಲ್ಲ. ಅವು ಎತ್ತುಗಳು ಅಂತ ನೀನು, ಕೋಣಗಳು ಅಂತ ನಾನು, ಎರಡು ದಿನ ಮಾತು ಬಿಟ್ಟಿದ್ದೆವು. ನೆನಪಿದೆಯಾ?

ದಸರಾ ರಜೆಗೆ ಮಗಳನ್ನು ಕರೆದುಕೊಂಡು ಬಾ. ಸಂಜೆ ಬಿಸಿಲು ಇಳಿದ ಮೇಲೆ ಹೋಗೋಣ. ಬರುವಾಗ ತೀನ್ ಕಂದೀಲ್ ಕಡೆ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನೋಣ. ಎತ್ತೋ ಕೋಣವೋ ಅವಳೇ ನೋಡಿ ಹೇಳಲಿ. ನಾನು ಗೆದ್ದರೆ ಮಿರ್ಚಿ ದುಡ್ಡು ನಿನ್ನದು.

ನಿನ್ನ ದೋಸ್ತ