ನಮ್ಮ ತಾಂಡಾ ಕಂದಾಯ ಗ್ರಾಮವಾಯಿತು: ಋಣವಿರುವ ಎಲ್ಲರಿಗೂ ಶರಣು

2023ರ ಜನವರಿ 19ರಂದು ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಿ ಹಕ್ಕುಪತ್ರ ವಿತರಿಸಿದರು. ಸೇಡಂ ತಾಲ್ಲೂಕಿನ ನಮ್ಮ ಲಂಬಾಣಿ ತಾಂಡಾವೂ ಅದರಲ್ಲಿತ್ತು. ಅಲ್ಲಿಯವರೆಗೆ ಸರ್ಕಾರದ ಲೆಕ್ಕದಲ್ಲಿ ನಮ್ಮದು ‘ದಾಖಲೆರಹಿತ ಜನವಸತಿ’, ಅಂದರೆ ಕಂದಾಯ ದಾಖಲೆಯಲ್ಲಿ ಊರೆಂದೇ ಸೇರದ ನೆಲೆ. ಮನೆ ಕಟ್ಟಿದವರು ನಮ್ಮ ಹಿರಿಯರು. ಪಹಣಿಯಲ್ಲಿದ್ದದ್ದು ಇನ್ನೊಬ್ಬರ ಹೆಸರು. ಮನೆ ಅಡವಿಟ್ಟು ಸಾಲ ಕೇಳಿದರೆ ಬ್ಯಾಂಕಿನ ಬಾಗಿಲಿನಿಂದಲೇ ಹಿಂದಿರುಗಬೇಕಿತ್ತು.

ಮೊದಲ ನಮಸ್ಕಾರ ಇಲ್ಲಿ ನೆಲೆ ನಿಂತವರಿಗೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನ್ನಿನ ಉದ್ದಗಲ ನಡೆದ ಲದೇಣಿಯವರು ಅವರು. ರೈಲು ಬಂದ ಮೇಲೆ ಆ ವ್ಯಾಪಾರ ಮುರಿಯಿತು. ಬ್ರಿಟಿಷರ 1871ರ ಕಾಯ್ದೆ ಬಂಜಾರರ, ಅಂದರೆ ನಮ್ಮ ಲಂಬಾಣಿಗರ, ಎಷ್ಟೋ ಗುಂಪುಗಳಿಗೆ ಹುಟ್ಟು ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತು. ಅಂಥ ಕಾಲದಲ್ಲಿ ಊರಾಚೆಯ ಕಲ್ಲುನೆಲವನ್ನು ಹಸನು ಮಾಡಿ ತೊಗರಿ ಬೆಳೆದ ಅವರ ಎದೆಗಾರಿಕೆಗೆ ಶರಣು.

ಭೂ ಸುಧಾರಣಾ ಕಾಯ್ದೆಗೆ 38ಎ ಕಲಂ ಸೇರುವವರೆಗೂ ಬಿಡದೆ ಹೋರಾಡಿದವರಿಗೆ ನಾವು ಋಣಿಗಳು. ಪರರ ಜಮೀನಿನಲ್ಲಿ ಮನೆ ಕಟ್ಟಿಕೊಂಡ ಕೂಲಿಕಾರರಿಗೆ ಆ ಮನೆಯ ಹಕ್ಕು ದೊರಕಿದ್ದು ಅದರಿಂದಲೇ. ಬಿಸಿಲಲ್ಲಿ ಮನೆಮನೆ ಅಳೆದ ಭೂಮಾಪಕರಿಗೂ ಗ್ರಾಮಲೆಕ್ಕಿಗರಿಗೂ ವಂದನೆ. ಯಾವ ಗೋಡೆ ಯಾರ ಅಜ್ಜನದು ಎಂದು ಅವರಿಗೆ ನೆನಪಿನಿಂದಲೇ ಹೇಳುತ್ತ ಹೋದವರು ತಾಂಡಾದ ವ್ಯವಹಾರ ನೋಡಿಕೊಳ್ಳುವ ನಮ್ಮ ಕಾರಭಾರಿ. ಆ ದಿನ ಅವರ ಜೊತೆ ನಡೆದಾಗಲೇ ನನಗೆ ತಾಂಡಾದ ಇತಿಹಾಸ ಪೂರ್ತಿಯಾಗಿ ತಿಳಿದದ್ದು.

ಪಹಣಿಯಲ್ಲಿ ಹೆಸರಿದ್ದ ಗೌಡರ ಮನೆಯವರನ್ನು ಹೇಗೆ ನೆನೆಯಲಿ! ತಕರಾರು ತೆಗೆಯಬಹುದಿತ್ತು, ತೆಗೆಯಲಿಲ್ಲ. ‘ನಿಮ್ಮ ಅಜ್ಜ ನಮ್ಮ ಹೊಲದಲ್ಲಿ ದುಡಿದವರು, ಮನೆ ನಿಮ್ಮದೇ’ ಎಂದು ಹಿರಿಯ ಗೌಡರು ಎಲ್ಲರೆದುರು ಹೇಳಿದಾಗ ತಾಂಡಾದ ಮುಖ್ಯಸ್ಥರಾದ ನಮ್ಮ ನಾಯಕರ ಕಣ್ಣು ತುಂಬಿತು.

ಇನ್ನು ನಮ್ಮ ಯಾಡಿಯರು, ಅಂದರೆ ತಾಯಂದಿರು. ಗಂಡಸರು ಪುಣೆ, ಮುಂಬೈಗೆ ದುಡಿಯಲು ಹೋದ ವರ್ಷಗಳಲ್ಲಿ ಪಡಿತರ ಚೀಟಿ, ಕರೆಂಟ್ ಬಿಲ್ಲು, ಪಂಚಾಯಿತಿ ರಸೀದಿಗಳನ್ನು ಟ್ರಂಕಿನಲ್ಲಿ ಜೋಪಾನ ಮಾಡಿದವರು ಅವರು. ಓದು ಬಾರದಿದ್ದರೂ ಒಂದು ಚೀಟಿಯನ್ನೂ ಒಲೆಗೆ ಹಾಕಲಿಲ್ಲ. ಅವರಿಲ್ಲದಿದ್ದರೆ ವಾಸದ ಪುರಾವೆ ಎಲ್ಲಿಂದ ಬರುತ್ತಿತ್ತು?

ಸಮೀಕ್ಷೆಯ ವೇಳೆ ಗುಳೆ ಹೋಗಿದ್ದ ಕೆಲವರ ಮನೆಗಳು ಪಟ್ಟಿಯಿಂದ ಬಿಟ್ಟುಹೋಗಿವೆ. ಅವರ ಅರ್ಜಿ ಸಿದ್ಧಪಡಿಸುತ್ತಿದ್ದೇವೆ. ಫೆಬ್ರುವರಿ 15ರಂದು ನಮ್ಮ ಸಮುದಾಯದ ಸಂತ ಸೇವಾಲಾಲ್ ಜಯಂತಿಗೆ ಊರಿಗೆ ಬರುವಾಗ ಹಳೆಯ ಕಾಗದಗಳನ್ನೆಲ್ಲ ತನ್ನಿ. ಮರುದಿನ ಎಲ್ಲರೂ ಕೂಡಿಯೇ ತಹಶೀಲ್ದಾರರ ಕಚೇರಿಗೆ ಹೋಗೋಣ.